ಇರುವೆ ಗೋಡೆ ಹತ್ತುತ್ತದೆ, ಬಿರುಗಾಳಿ ಬಂದರೆ ಮೀನು ಎಲ್ಲಿಗೆ ಹೋಗುತ್ತದೆ?

ರಾಗಿಕಣ, ಮದ್ದೂರು ಹತ್ತಿರ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ನಮ್ಮ ಕಡೆ ಜಡಿಮಳೆ. ಫೆಂಗಲ್ ಅನ್ನುವ ಚಂಡಮಾರುತವಂತೆ, ಶನಿವಾರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತಂತೆ, ಅದರ ಬಾಲ ನಮ್ಮ ಮಂಡ್ಯದವರೆಗೂ ಬೀಸಿದೆ. ಕುಯ್ದ ರಾಗಿ ಕಣದಲ್ಲಿ ಮೆದೆ ಹಾಕಿದ್ದೆವು. ನಾನು, ಯಜಮಾನರು, ಅತ್ತೆ ಮೂವರೂ ಸೇರಿ ಕತ್ತಲಲ್ಲೇ ಟಾರ್ಪಾಲು ಎಳೆದು ನಾಲ್ಕು ಮೂಲೆಗೂ ಕಲ್ಲು ಹೇರಿದೆವು. ಹೇರುವಷ್ಟರಲ್ಲಿ ಸೀರೆ ಪೂರ್ತಿ ಒದ್ದೆ.

ಅತ್ತೆ ಶುಕ್ರವಾರ ಬೆಳಿಗ್ಗೆಯೇ ಹೇಳಿದ್ದರು. ಕೊಟ್ಟಿಗೆ ಗೋಡೆ ಮೇಲೆ ಇರುವೆ ಸಾಲು. ಒಂದೊಂದರ ಬಾಯಲ್ಲೂ ಅಕ್ಕಿನುಚ್ಚಿನಷ್ಟು ಬಿಳೀ ಮೊಟ್ಟೆ. ಎಲ್ಲವೂ ಮೇಲಕ್ಕೇ ಹೋಗುತ್ತಿದ್ದವು. "ಮಳೆ ಬತ್ತದೆ ಕಣವ್ವ, ರಾಗಿ ಮುಚ್ಚಿ" ಅಂದರು. ಆಕಾಶ ಆಗ ಬರೀ ಮೋಡ, ಹನಿ ಇಲ್ಲ.

ಶಾಲೆಗೆ ರಜೆ. ಆರನೇ ಕ್ಲಾಸಿನ ಮಗಳು ಜಗಲಿ ಮೇಲೆ ಕೂತು ಇದನ್ನೆಲ್ಲ ನೋಡಿ ಒಂದು ಮಾತು ಕೇಳಿದಳು. "ಅಮ್ಮ, ಇರುವೆಗೆ ಗೋಡೆ ಇದೆ, ನಮಗೆ ಮನೆ ಇದೆ. ಗಾಳಿ ಹುಟ್ಟಿದ್ದೇ ಸಮುದ್ರದಲ್ಲಿ ಅಲ್ವಾ, ಅಲ್ಲಿರೋವು ಎಲ್ಲಿಗೆ ಹತ್ತುತ್ತವೆ?" ನನಗೆ ಉತ್ತರ ಬರಲಿಲ್ಲ. ನಾನು ಸಮುದ್ರ ನೋಡಿದ್ದೇ ಒಂದು ಸಲ, ಮದುವೆಯಾದ ಹೊಸದರಲ್ಲಿ ಧರ್ಮಸ್ಥಳಕ್ಕೆ ಹೋದವರು ಹಾಗೇ ಮಂಗಳೂರಿಗೂ ಹೋಗಿ ಅರ್ಧ ಗಂಟೆ ನಿಂತು ಬಂದಿದ್ದೆವು.

ಭಾನುವಾರ ಬರುವ ಮೀನಿನ ಗಾಡಿ ಅಣ್ಣನ್ನ ಕೇಳಿದರೆ "ಗಾಳಿಗೆ ಮೀನೆಲ್ಲ ಆಳಕ್ಕೆ ಇಳಿದುಬಿಡುತ್ತದೆ" ಅಂತಾರೆ. ನಿಜವಾಗಿ ಇಳಿಯುತ್ತದಾ? ಅಥವಾ ದೋಣಿ ಹೋಗಿಲ್ಲ ಅನ್ನುವುದನ್ನೇ ಹಾಗೆ ಹೇಳುತ್ತಾರಾ? ಮೀನಿಗೆ ಮುಂಚೆ ಗೊತ್ತಾಗುತ್ತದಾ? ಮೀನು ಅಷ್ಟೇ ಅಲ್ಲ, ಆಮೆ, ಡಾಲ್ಫಿನ್, ಏಡಿ, ಹಾವು ಇವೆಲ್ಲ ಏನು ಮಾಡುತ್ತವೆ? ತಿಳಿದವರು ದಯವಿಟ್ಟು ಹೇಳಿ. ಮಗಳಿಗೆ ಸುಮ್ನೆ ಏನೋ ಒಂದು ಹೇಳಿ ಸಾಗಹಾಕೋಕೆ ಮನಸ್ಸಿಲ್ಲ.


ಉಳ್ಳಾಲದವಳು, ಈಗ ಮೈಸೂರು

ಅಕ್ಕ, ನಿಮ್ಮ ಮಗಳ ಪ್ರಶ್ನೆ ಓದಿ ನನಗೆ ನಮ್ಮ ಅಜ್ಜಿ ನೆನಪಾದರು. ನಾನು ಹುಟ್ಟಿ ಬೆಳೆದದ್ದು ಉಳ್ಳಾಲ, ಮೈಸೂರಿಗೆ ಬಂದು ಹನ್ನೆರಡು ವರ್ಷ. ನಮ್ಮ ತಂದೆಯ ಕಡೆಯವರು ನಾಡದೋಣಿಯವರು.

ಗಾಡಿಯವರು ಹೇಳಿದ್ದೂ ಸರಿ, ನಿಮ್ಮ ಅನುಮಾನವೂ ಸರಿ. ಎಚ್ಚರಿಕೆ ಬಂದ ಕೂಡಲೇ ದೋಣಿ ಬೋಟು ಎಲ್ಲ ಅಳಿವೆ ಒಳಗೆ ಬಂದು ಕಟ್ಟಿಬಿಡುತ್ತವೆ, ಹಾಗಾಗಿ ಮೀನು ಇದ್ದರೂ ತರುವವರಿಲ್ಲ. ಆದರೆ ಗಾಳಿ ನಿಂತ ಮಾರನೇ ದಿನ ಬಲೆ ಹಾಕಿದರೂ ದಡದ ಹತ್ತಿರ ಬೂತಾಯಿ, ಬಂಗುಡೆ ಸಿಗುವುದು ಕಷ್ಟ. ನೀರೆಲ್ಲ ಕದಡಿ ಕೆಂಪಗೆ ಆಗಿರುತ್ತದೆ. ಬಲೆಗೆ ಬರುವುದು ಸೊಪ್ಪು, ಕಡ್ಡಿ, ಪ್ಲಾಸ್ಟಿಕ್.

ಕಡಲಿಗೆ ಗಾಳಿ ಬರುವ ಮೊದಲೇ ಸುದ್ದಿ ಬಂದಿರುತ್ತದೆ ಅಕ್ಕ. ಮೇಲೆ ಬಿಸಿಲು, ಗಾಳಿಯೇ ಇಲ್ಲ, ಆದರೆ ಅಲೆ ಬೇರೆ ತರಹ. ಸಾಮಾನ್ಯ ದಿನ ಚಟಪಟ ಅಂತ ಒಂದರ ಹಿಂದೆ ಒಂದು ಬರುವ ಅಲೆ ಆವತ್ತು ನಿಧಾನ ಆಗುತ್ತದೆ. ಒಂದು ಬಂದು ಹೋಗಿ ಇನ್ನೊಂದು ಬರಲು ನಾವು ಹತ್ತು ಹನ್ನೆರಡು ಎಣಿಸಬೇಕು. ಬಂದಾಗ ಮಾತ್ರ ದಡದ ಮರಳು ನಡುಗುತ್ತದೆ. ಎಲ್ಲೋ ದೂರದಲ್ಲಿ ಎದ್ದ ಬಿರುಗಾಳಿಯ ಅಲೆ ಅದು, ಆ ಬಿರುಗಾಳಿ ಮುಂದೆ ಸಾಗುವುದಕ್ಕಿಂತ ಜೋರಾಗಿ ಓಡಿ ಮುಂಚೆ ಬಂದು ತಲುಪುತ್ತದೆ. ಅಜ್ಜಿ ಮನೆ ಒಳಗೆ ಕೂತೇ ಸದ್ದು ಕೇಳಿ "ಇವತ್ತು ಕಡಲು ಸರಿ ಇಲ್ಲ, ಯಾರೂ ಹೋಗುವುದು ಬೇಡ" ಅನ್ನುತ್ತಿದ್ದರು. ದಡದ ಮುದುಕಿಗೆ ಗೊತ್ತಾಗುವುದು ನೀರಿನೊಳಗಿನ ಮೀನಿಗೆ ಗೊತ್ತಾಗದೇ ಇರುತ್ತದಾ?

2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ನಾನು ಊರಲ್ಲೇ ಇದ್ದೆ, ಲಾಕ್‌ಡೌನ್ ಸಮಯ. ಎರಡು ದಿನ ಕಡಲು ಮನೆಗಳ ಹಿತ್ತಲಿಗೇ ನುಗ್ಗಿತು. ಮಳೆ ಸ್ವಲ್ಪ ಬಿಟ್ಟ ಮೇಲೆ ಬೆಳಿಗ್ಗೆ ದಡಕ್ಕೆ ಹೋದೆ. ತೆಂಗಿನ ಗರಿ, ಚಪ್ಪಲಿ, ಬಾಟಲಿಗಳ ರಾಶಿ ಉದ್ದಕ್ಕೂ. ಅದರ ಮಧ್ಯೆ ಮುಳ್ಳು ಮುರಿದ ಕಡಲ ಮುಳ್ಳುಚೆಂಡು, ಒಂದು ಕೊಂಡಿ ಕಳೆದುಕೊಂಡ ಏಡಿ, ಬುಡ ಸಮೇತ ಕಿತ್ತು ಬಂದ ಸ್ಪಂಜು. ದೊಡ್ಡ ಶಂಖದ ಹುಳು ಒಂದು ಕಾಲನ್ನು ಹೊರಗೆ ಚಾಚಿ ಮರಳನ್ನು ತಡವುತ್ತಿತ್ತು, ಹಿಡಿತ ಸಿಗದೆ ಮತ್ತೆ ಒಳಗೆ ಎಳೆದುಕೊಳ್ಳುತ್ತಿತ್ತು. ಒಂದು ಅಂಗೈ ಅಗಲದ ತೊರಕೆ ಮೀನು ಇನ್ನೂ ಬಾಯಿ ಬಿಡುತ್ತಿತ್ತು. ಅದನ್ನು ಗರಿಯ ಮೇಲೆ ಎತ್ತಿ ನೀರಿಗೆ ಬಿಟ್ಟೆ, ಬಾಲದ ಮುಳ್ಳಿಗೆ ಹೆದರಿ ಕೈ ಹಾಕಲಿಲ್ಲ. ಬದುಕಿತೋ ಇಲ್ಲವೋ.

ಅಷ್ಟು ದೂರ ನಡೆದೆ. ಆ ರಾಶಿಯಲ್ಲಿ ಒಂದೇ ಒಂದು ಬಂಗುಡೆ ಇರಲಿಲ್ಲ. ತೆವಳುವವು, ತಳಕ್ಕೆ ಅಂಟಿಕೊಂಡವು, ಮರಳಲ್ಲಿ ಹೂತುಕೊಂಡವು ಇವೇ ಇದ್ದವು. ಈಜಿ ಹೋಗಬಲ್ಲವು ಹೋಗಿದ್ದವು. ಮಗಳಿಗೆ ಇದನ್ನು ಹೇಳಿ ಅಕ್ಕ, ನಾನು ಕಣ್ಣಾರೆ ಕಂಡದ್ದು.


ಮೇಷ್ಟ್ರು, ಶ್ರೀರಂಗಪಟ್ಟಣ

ಉಳ್ಳಾಲದ ತಂಗಿ ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು, ಈ ವಿಷಯ ಬಹಳ ದಿನದಿಂದ ಓದುತ್ತಿದ್ದೇನೆ.

ಮೊದಲು ಆಳದ ಮಾತು. ಅಲೆ ಅಂದರೆ ಮೇಲಿನ ನೀರು ಮಾತ್ರ ಅಲ್ಲ, ಕೆಳಗೂ ನೀರು ಸುತ್ತುತ್ತಿರುತ್ತದೆ. ಕೆಳಗೆ ಹೋದಂತೆ ಆ ಸುತ್ತಾಟ ಕಡಿಮೆಯಾಗುತ್ತಾ, ಅಲೆಯ ಉದ್ದದ ಅರ್ಧದಷ್ಟು ಆಳಕ್ಕೆ ಹೋದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ತಂಗಿ ಎಣಿಸಿದರಲ್ಲ ಹನ್ನೆರಡು, ಹಾಗೆ 12 ಸೆಕೆಂಡಿಗೆ ಒಂದು ಬರುವ ಅಲೆಗೆ ಆಳದ ಸಮುದ್ರದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 225 ಮೀಟರ್ ಉದ್ದ. ಅದರ ಅರ್ಧ ನೂರಹತ್ತು ಮೀಟರ್ ಚಿಲ್ಲರೆ. ನಮ್ಮ ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ, ಅಂದರೆ 38 ಮೀಟರ್. ಅದರ ಮೂರರಷ್ಟು ಆಳಕ್ಕೆ ಇಳಿದರೆ ಮೇಲೆ ಪ್ರಳಯ ಆಗುತ್ತಿದ್ದರೂ ಮೀನಿಗೆ ಒಂದು ತೂಗಾಟ ಅಷ್ಟೇ. ಗಾಡಿಯವರು ಹೇಳುವ "ಆಳಕ್ಕೆ ಇಳಿಯುತ್ತದೆ" ಅನ್ನುವ ಮಾತಿಗೆ ಅರ್ಥ ಇದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಟ್ರಿಗರ್ ಮೀನು ಅನ್ನುವ ಜಾತಿಗೆ ಸದ್ದು ಮಾಡುವ ಸಣ್ಣ ಯಂತ್ರ ಕಟ್ಟಿ ಬಿಟ್ಟಿದ್ದರು. 2017ರಲ್ಲಿ ಹೊಸೆ, ಮರಿಯಾ ಅನ್ನುವ ಎರಡು ಚಂಡಮಾರುತ ಹಾದು ಹೋದಾಗ ಆ ಮೀನುಗಳು ದಡದಿಂದ ದೂರ, ಆಳದ ಕಡೆಗೇ ಸರಿದವು.

ಇನ್ನು ಮುಂಚೆ ಗೊತ್ತಾಗುವ ವಿಷಯ. ಇದು ನನಗೆ ತುಂಬಾ ಇಷ್ಟವಾದ ಕಥೆ, ಸ್ವಲ್ಪ ಉದ್ದ ಆದರೂ ಓದಿ. ಫ್ಲೋರಿಡಾದ ಟೆರಾ ಸಿಯಾ ಅನ್ನುವ ಕೊಲ್ಲಿಯಲ್ಲಿ ಕಪ್ಪು ತುದಿಯ ರೆಕ್ಕೆಯ ಶಾರ್ಕ್ ಮರಿಗಳು ಬೆಳೆಯುತ್ತವೆ. ಆಳ ಕಡಿಮೆ, ದೊಡ್ಡ ಶಾರ್ಕುಗಳ ಕಾಟ ಇಲ್ಲ, ಅವುಗಳಿಗೆ ಅದು ಅಂಗನವಾಡಿ ಇದ್ದ ಹಾಗೆ. ಮರಿಗಳು ತಿಂಗಳುಗಟ್ಟಲೆ ಆ ಕೊಲ್ಲಿ ಬಿಟ್ಟು ಆಚೆ ಹೋಗುವುದಿಲ್ಲ. 2001ರ ಸೆಪ್ಟೆಂಬರಿನಲ್ಲಿ ಗೇಬ್ರಿಯಲ್ ಅನ್ನುವ ಬಿರುಗಾಳಿ ಬಂತು. ಮಿಶೆಲ್ ಹ್ಯೂಪಲ್ ಅನ್ನುವ ವಿಜ್ಞಾನಿಯ ತಂಡ ಯಂತ್ರ ಕಟ್ಟಿದ್ದ 13 ಮರಿಗಳು ಗಾಳಿ ಬರುವ ಮೊದಲೇ ಕೊಲ್ಲಿ ಬಿಟ್ಟು ಆಳದ ನೀರಿಗೆ ಹೋಗಿದ್ದವು. ಗಾಳಿ ಹೋದ ಮೇಲೆ ಒಂದೆರಡು ವಾರದೊಳಗೆ ವಾಪಸ್ ಅದೇ ಕೊಲ್ಲಿಗೆ ಬಂದವು. ಆ ಮರಿಗಳು ಹುಟ್ಟಿದ್ದೇ ಆ ವರ್ಷ, ಬಿರುಗಾಳಿಯನ್ನು ಹಿಂದೆ ಕಂಡವೇ ಅಲ್ಲ. ಯಾರೂ ಹೇಳಿಕೊಟ್ಟದ್ದಲ್ಲ.

ಹೇಗೆ ಗೊತ್ತಾಯಿತು? ಗಾಳಿಯ ಒತ್ತಡ. ಬಿರುಗಾಳಿ ಹತ್ತಿರ ಬಂದಂತೆ ವಾತಾವರಣದ ಒತ್ತಡ ಇಳಿಯುತ್ತದೆ, ಅವು ಹೊರಟದ್ದು ಸರಿಯಾಗಿ ಆ ಇಳಿಕೆ ಶುರುವಾದಾಗ. ಒತ್ತಡವನ್ನು ಅಳೆಯುವ ಲೆಕ್ಕ ಹೆಕ್ಟೋಪ್ಯಾಸ್ಕಲ್. ಒಂದು ಹೆಕ್ಟೋಪ್ಯಾಸ್ಕಲ್ ಇಳಿದರೆ ಮೀನಿನ ಮೇಲಿನ ಭಾರ ಒಂದು ಸೆಂಟಿಮೀಟರ್ ನೀರು ತೆಗೆದಷ್ಟು ಕಡಿಮೆಯಾಗುತ್ತದೆ. ಐದಾರು ಇಳಿದರೆ ನಾಲ್ಕು ಬೆರಳು ನೀರು. ದೊಡ್ಡ ಚಂಡಮಾರುತದ ನಡುವೆ 60ರಷ್ಟು ಇಳಿಯಬಹುದು, ಅಂದರೆ ಮೊಣಕಾಲಿನ ಮೇಲೆ ಬರುವಷ್ಟು ನೀರು. ನಾಲ್ಕು ಬೆರಳು ನೀರಿನ ವ್ಯತ್ಯಾಸ ನನಗೂ ನಿಮಗೂ ತಿಳಿಯದು. ಶಾರ್ಕಿನ ಕಿವಿಯೊಳಗೆ, ಮೈಯ ಸಮತೋಲ ಕಾಯಲು ಇರುವ ಭಾಗದಲ್ಲಿ, ಕೂದಲಿನಂಥ ಎಳೆ ಇರುವ ಸಣ್ಣ ಜೀವಕೋಶಗಳಿವೆ. ಅವು ಒತ್ತಡ ಬದಲಾದರೆ ಸ್ಪಂದಿಸುತ್ತವೆ ಅಂತ ನಾಯಿಶಾರ್ಕ್ ಅನ್ನುವ ಜಾತಿಯಲ್ಲಿ ತೋರಿಸಿದ್ದಾರೆ. ಉಬ್ಬರ ಇಳಿತದಲ್ಲಿ ದಿನವೂ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಆಗುತ್ತದಲ್ಲ ಅಂತ ನೀವು ಕೇಳಬಹುದು, ನಮ್ಮ ಹುಡುಗರೂ ಕೇಳುತ್ತಾರೆ. ನನ್ನ ಪ್ರಕಾರ ಅದು ದಿನದ ಲಯ, ಅದಕ್ಕೆ ಮೈ ಒಗ್ಗಿರುತ್ತದೆ. ಲಯ ತಪ್ಪಿದ್ದು ಗೊತ್ತಾಗುತ್ತದೆ.

ಹಾವಿನ ಬಗ್ಗೆ ಕೇಳಿದ್ದೀರಿ. ತೈವಾನಿನ ಆರ್ಕಿಡ್ ದ್ವೀಪದಲ್ಲಿ ಕಡಲಹಾವುಗಳನ್ನು ದಿನಾ ಎಣಿಸುತ್ತಿದ್ದರು. 2009ರ ಆಗಸ್ಟಿನಲ್ಲಿ ಮೊರಕೋಟ್ ಅನ್ನುವ ಟೈಫೂನ್ (ಆ ಕಡೆ ಚಂಡಮಾರುತಕ್ಕೆ ಹಾಗೆ ಹೆಸರು) ಬರುವ ಮೊದಲು ಎಣಿಕೆ ಇಳಿಯುತ್ತಾ ಸೊನ್ನೆಗೆ ಬಂತು. ದಡದ ಬಂಡೆಯ ಮೇಲೆ ಮಲಗುತ್ತಿದ್ದವು ಒಂದೂ ಕಾಣಲಿಲ್ಲ. ನಿಮ್ಮ ಅತ್ತೆಯವರ ಇರುವೆಗೂ ಈ ಹಾವಿಗೂ ಅಂಥ ವ್ಯತ್ಯಾಸ ಇಲ್ಲ ನೋಡಿ.


ಕೇಳಿದವನು

ನನ್ನದೂ ಒಂದು ಮಾತು. 2004ರ ಸುನಾಮಿಯಲ್ಲೂ ಪ್ರಾಣಿಗಳು ಮುಂಚೆ ಓಡಿಹೋದವು ಅಂತ ವಾಟ್ಸಾಪಿನಲ್ಲಿ ಬರುತ್ತಾ ಇರುತ್ತದೆ. ಪ್ರಾಣಿಗಳಿಗೆ ಆರನೇ ಇಂದ್ರಿಯ ಇದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ ಅಲ್ವಾ?


ಮೇಷ್ಟ್ರು, ಶ್ರೀರಂಗಪಟ್ಟಣ

ಎರಡನ್ನೂ ಬೆರೆಸಬೇಡಿ ಸಾರ್. ಸುನಾಮಿ ಹುಟ್ಟುವುದು ನೆಲ ನಡುಗಿ, ಚಂಡಮಾರುತ ಹುಟ್ಟುವುದು ಬಿಸಿ ನೀರಿನ ಮೇಲಿನ ಗಾಳಿಯಿಂದ. ಸುನಾಮಿ ಬರುವ ಮುಂಚೆ ಗಾಳಿಯ ಒತ್ತಡ ಇಳಿಯುವುದಿಲ್ಲ, ಹಾಗಾಗಿ ಶಾರ್ಕ್ ಮರಿಯ ಕಥೆ ಅಲ್ಲಿಗೆ ಹೊಂದುವುದಿಲ್ಲ. ಆರನೇ ಇಂದ್ರಿಯ ಅಂತ ನಾನು ಕರೆಯುವುದಿಲ್ಲ. ಒತ್ತಡ, ಅಲೆಯ ಸದ್ದು, ನೀರಿನ ಓಲಾಟ ಇಷ್ಟೂ ಇರುವ ಇಂದ್ರಿಯಕ್ಕೇ ಸಿಗುವ ಸುದ್ದಿ. ಬಿರುಗಾಳಿ ಏಳಿಸುವ ಅಲೆಗಳಿಂದ ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ಸದ್ದೂ ಹುಟ್ಟಿ ಬಹಳ ದೂರ ಹೋಗುತ್ತದೆ. ಅವಕ್ಕೆ "ಚಂಡಮಾರುತ ಬರುತ್ತಿದೆ" ಅಂತ ಗೊತ್ತಿರುವುದಿಲ್ಲ, "ಇಲ್ಲಿ ಏನೋ ಸರಿ ಇಲ್ಲ" ಅಂತ ಗೊತ್ತಾಗುತ್ತದೆ ಅಷ್ಟೇ.


ನಡಿಗೆ, ಕುಕ್ಕರಹಳ್ಳಿ ಕೆರೆ

ನಾನು ಹಕ್ಕಿ ನೋಡುವವನು, ಮೀನಿನವನಲ್ಲ. ಆದರೂ ಹೇಳಲೇಬೇಕಾದದ್ದು ಇದೆ, ಯಾಕೆಂದರೆ ಮೇಲೆ ಎಲ್ಲರೂ ಓಡಿಹೋಗುವ ಪ್ರಾಣಿಗಳ ಬಗ್ಗೆಯೇ ಬರೆದಿದ್ದಾರೆ. ಎಲ್ಲವೂ ಓಡುವುದಿಲ್ಲ.

ಜಪಾನಿನ ಹತ್ತಿರ ಒಂದು ಕಡಲಹಕ್ಕಿ ಇದೆ, ಗೆರೆಗಳಿರುವ ಶಿಯರ್‌ವಾಟರ್. 75 ಹಕ್ಕಿಗಳಿಗೆ ಜಿಪಿಎಸ್ ಕಟ್ಟಿ 11 ವರ್ಷ ನೋಡಿದ ಅಧ್ಯಯನ 2022ರಲ್ಲಿ ಬಂತು. ಟೈಫೂನ್ ಬಂದಾಗ ಕೆಲವು ಹಕ್ಕಿ ಅದರಿಂದ ದೂರ ಹೋಗುವ ಬದಲು ಅದರ ಕಣ್ಣಿನ, ಅಂದರೆ ನಟ್ಟನಡುವಿನ ಕಡೆಗೇ ಹಾರಿದವು, 30 ಕಿಲೋಮೀಟರ್ ಹತ್ತಿರಕ್ಕೂ ಹೋದವು. ಮೊದಲು ಓದಿದಾಗ ನನಗೆ ಎದೆ ಝಲ್ ಅಂದಿತು. ಕಾರಣ ತಿಳಿದ ಮೇಲೆ ಆ ಹಕ್ಕಿಯ ಬಗ್ಗೆ ಗೌರವ ಹೆಚ್ಚಾಯಿತು. ಹಕ್ಕಿ ದಡಕ್ಕೂ ಬಿರುಗಾಳಿಗೂ ಮಧ್ಯೆ ಸಿಕ್ಕಿಕೊಂಡರೆ ಗಾಳಿ ಅದನ್ನು ನೆಲದ ಮೇಲೆ ಎತ್ತಿ ಒಗೆಯುತ್ತದೆ. ಕಡಲಹಕ್ಕಿಗೆ ನೆಲವೇ ಅಪಾಯ. ಬಂಡೆಗೆ, ಮರಕ್ಕೆ ಬಡಿಯಬಹುದು, ನೆಲಕ್ಕೆ ಬಿದ್ದರೆ ಮತ್ತೆ ಏಳುವುದು ಕಷ್ಟ, ಕಾಗೆ ನಾಯಿ ಬಿಡುವುದಿಲ್ಲ. ಅದಕ್ಕೇ ನೆಲದಿಂದ ದೂರ, ಬಿರುಗಾಳಿಯ ಜೊತೆಗೇ ಹೋಗುವುದು.

ಚಂಡಮಾರುತ ಆದ ಮೇಲೆ ಒಳನಾಡಿನ ಕೆರೆಗಳಲ್ಲಿ ಕಡಲಹಕ್ಕಿ ಸಿಗುವುದು ಇದೇ ಕಾರಣಕ್ಕೆ. ಹಾಗಾಗಿ ನಾವು ಕೆಲವರು ಇಂಥ ಮಳೆ ನಿಂತ ಕೂಡಲೇ ದುರ್ಬೀನು ಹಿಡಿದು ಕೆರೆ ಸುತ್ತುತ್ತೇವೆ. ನಿಮ್ಮ ಕಡೆ ಎಲ್ಲಾದರೂ ಗುರುತಿಲ್ಲದ, ಸುಸ್ತಾದ ಹಕ್ಕಿ ಕಂಡರೆ ದಯವಿಟ್ಟು ಕೆರೆಗೆ ಎಸೆಯಬೇಡಿ, ಬಾಯಿಗೆ ನೀರೂ ಹುಯ್ಯಬೇಡಿ. ರಟ್ಟಿನ ಡಬ್ಬಿಗೆ ತೂತು ಮಾಡಿ, ಕತ್ತಲಲ್ಲಿ ಇಟ್ಟು, ಅರಣ್ಯ ಇಲಾಖೆಗೆ ಹೇಳಿ.

ನೀರಿನ ಒಳಗೂ ಜಾಗ ಬಿಡದವು ಇವೆ. 2016ರಲ್ಲಿ ಮ್ಯಾಥ್ಯೂ ಚಂಡಮಾರುತ ಬಹಾಮಾಸ್ ಮೇಲೆ ಹಾದಾಗ ಅಲ್ಲಿನ ದೊಡ್ಡ ಹುಲಿಶಾರ್ಕುಗಳು ಅಲ್ಲೇ ಇದ್ದವು. ಗಾಳಿ ಹೋದ ಮೇಲೆ ಅವುಗಳ ಸಂಖ್ಯೆ ಇನ್ನೂ ಜಾಸ್ತಿಯಾಯಿತು, ಸತ್ತ ಮೀನು ಹಕ್ಕಿ ತಿನ್ನಲು ಬಂದಿರಬೇಕು. ಮಾರನೇ ವರ್ಷ ಇರ್ಮಾ ಬಂದಾಗ ಮಯಾಮಿ ಹತ್ತಿರದ ಬಿಸ್ಕೇನ್ ಕೊಲ್ಲಿಯ ಬೇರೆ ಜಾತಿಯ ಶಾರ್ಕುಗಳು ಮಾತ್ರ ಬಹಳಷ್ಟು ಹೊರಟುಹೋದವು. ಒಂದೊಂದು ಜಾಗ, ಒಂದೊಂದು ಜಾತಿ ಒಂದೊಂದು ಥರ.

ಇನ್ನೊಂದು ಇದೆ, ಅದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಟೆಕ್ಸಾಸಿನ ದಡದಲ್ಲಿ ಚುಕ್ಕೆ ಟ್ರೌಟ್ ಅನ್ನುವ ಮೀನು. ಗಂಡು ಮೀನುಗಳು ಸಂಜೆ ಹೊತ್ತು ಗುಂಪಾಗಿ ಗೊರಗೊರ ಸದ್ದು ಮಾಡಿ ಹೆಣ್ಣನ್ನು ಕರೆಯುತ್ತವೆ, ಆಮೇಲೆ ಮೊಟ್ಟೆ ಇಡುವುದು. ಅಲ್ಲಿ ನೀರಿನೊಳಗೆ ಮೈಕು ಇಟ್ಟಿದ್ದರು. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತದ ಕಣ್ಣು ಅದೇ ಜಾಗದ ಮೇಲೆ ಹಾದುಹೋಯಿತು. ಯಂತ್ರ ತೆಗೆದು ಕೇಳಿದರೆ ಮೀನುಗಳು ಒಂದು ದಿನವೂ ಹಾಡು ನಿಲ್ಲಿಸಿರಲಿಲ್ಲ. ಮೇಲೆ ಮನೆಗಳ ಚಾವಣಿ ಹಾರುತ್ತಿದೆ, ಕೆಳಗೆ ಇವು ಮೊಟ್ಟೆ ಇಡಲು ಕರೆಯುತ್ತಿವೆ.


ರಾಗಿಕಣ, ಮದ್ದೂರು ಹತ್ತಿರ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳಿಗೆ ಓದಿ ಹೇಳುತ್ತಿದ್ದೇನೆ, ಹಾಡುವ ಮೀನಿನ ಕಥೆ ಎರಡು ಸಲ ಓದಿಸಿದಳು. ಒಂದು ಅರ್ಥ ಆಗಲಿಲ್ಲ. ಇಷ್ಟೆಲ್ಲ ಮುಂಚೆ ಗೊತ್ತಾಗುವುದಾದರೆ, ಆಳಕ್ಕೆ ಹೋದರೆ ಸಾಕು ಅನ್ನುವುದಾದರೆ, ಚಂಡಮಾರುತ ಆದ ಮೇಲೆ ರಾಶಿ ರಾಶಿ ಮೀನು ಸತ್ತು ತೇಲುವುದನ್ನು ಟಿವಿಯಲ್ಲಿ ತೋರಿಸುತ್ತಾರಲ್ಲ, ಅದು ಯಾಕೆ?


ಕೊಳದ ಕಟ್ಲಾ, ಪಾಂಡವಪುರ

ತಾಯಿ, ಇದಕ್ಕೆ ನಾನು ಉತ್ತರ ಹೇಳುತ್ತೇನೆ. ನಾನು ಒಂದು ಎಕರೆ ಕೊಳದಲ್ಲಿ ಕಟ್ಲಾ, ರೋಹು ಸಾಕುತ್ತಿದ್ದೇನೆ. ಸಮುದ್ರ ನನಗೂ ದೂರ, ಆದರೆ ಮೀನು ಯಾಕೆ ಸಾಯುತ್ತದೆ ಅನ್ನುವುದನ್ನು ನನ್ನ ಕೊಳ ನನಗೆ ಚೆನ್ನಾಗಿ ಕಲಿಸಿದೆ.

ಮೂರು ವರ್ಷದ ಹಿಂದೆ ಇಂಥದ್ದೇ ಮೋಡ, ನಾಲ್ಕು ದಿನ ಬಿಸಿಲಿಲ್ಲ. ಮೇಲಿನ ಕಬ್ಬಿನ ಗದ್ದೆಯಿಂದ ತರಗು, ಗೊಬ್ಬರ, ಮಣ್ಣು ಎಲ್ಲ ತೊಳೆದು ಕೊಳಕ್ಕೆ ಬಂತು. ಐದನೇ ದಿನ ಬೆಳಗಿನ ಜಾವ ಐದು ಗಂಟೆಗೆ ಟಾರ್ಚ್ ಹಿಡಿದು ಹೋದೆ. ಕೊಳದ ತುಂಬ ಬಾಯಿ. ಮೀನೆಲ್ಲ ಮೇಲೆ ಬಂದು ನೀರಿನ ಮಟ್ಟಕ್ಕೆ ಬಾಯಿ ಇಟ್ಟು ಚಪ್ ಚಪ್ ಅಂತ ಗಾಳಿ ಕುಡಿಯುತ್ತಿವೆ. ಕಾಲ ಸದ್ದಾದರೂ ಒಂದೂ ಕೆಳಗೆ ಹೋಗಲಿಲ್ಲ. ಹೋಗುವ ಶಕ್ತಿ ಇರಲಿಲ್ಲ. ಪಂಪು ಹಾಕಿ ನೀರು ಚಿಮ್ಮಿಸೋಣ ಅಂದರೆ ಕರೆಂಟಿಲ್ಲ. ಬೆಳಕು ಹರಿಯುವ ಹೊತ್ತಿಗೆ ದೊಡ್ಡ ದೊಡ್ಡ ಕಟ್ಲಾಗಳೇ ಮೊದಲು ಹೊಟ್ಟೆ ಮೇಲೆ ಮಾಡಿ ತೇಲಿದವು. ಆವತ್ತು ನಾನು ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಅವನ್ನು ಕೊಂದದ್ದು ಮಳೆ ಅಲ್ಲ, ಗಾಳಿ ಅಲ್ಲ. ಕೊಳೆತ ತರಗು ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ತಿಂದುಬಿಟ್ಟಿತ್ತು. ಮೋಡಕ್ಕೆ ಹಸಿರು ಪಾಚಿಯೂ ಆಮ್ಲಜನಕ ಮಾಡಲಿಲ್ಲ. ಬಿರುಗಾಳಿ ಆದಮೇಲೆ ಹಿನ್ನೀರು, ಅಳಿವೆ, ಕೊಲ್ಲಿಗಳಲ್ಲಿ ಆಗುವುದು ಬಹಳ ಕಡೆ ಇದೇ. 1992ರ ಆಗಸ್ಟಿನಲ್ಲಿ ಆಂಡ್ರ್ಯೂ ಚಂಡಮಾರುತ ಲೂಸಿಯಾನಾಕ್ಕೆ ಬಂದಾಗ ಅಚ್ಚಫಲಾಯ ಅನ್ನುವ ದೊಡ್ಡ ಜೌಗು ಪ್ರದೇಶದಲ್ಲಿ ಕೋಟಿಗಟ್ಟಲೆ ಮೀನು ಸತ್ತವು, ಗಾಳಿ ಉದುರಿಸಿದ ಎಲೆ, ಕದಡಿದ ಕೆಸರು ಕೊಳೆತು ನೀರು ಸತ್ವ ಕಳೆದುಕೊಂಡು. ಅದೇ ಚಂಡಮಾರುತದಲ್ಲಿ ಸಮುದ್ರದಲ್ಲೂ 94 ಲಕ್ಷ ಮೀನು ಸತ್ತವು ಅಂತ ಅಂದಾಜು ಮಾಡಿದ್ದಾರೆ. ಕೆಸರು ಜಾಸ್ತಿಯಾದರೆ ಕಿವಿರಿಗೆ ಮೆತ್ತಿಕೊಂಡೂ ಸಾಯುತ್ತವೆ. ಮುಂಚೆ ಗೊತ್ತಾಗುವುದು ಗಾಳಿ ಬರುವುದಕ್ಕೆ ತಾಯಿ. ಐದು ದಿನ ಆದಮೇಲೆ ನೀರು ಕೆಡುವುದಕ್ಕೆ ಯಾವ ಎಚ್ಚರಿಕೆಯೂ ಇಲ್ಲ. ಅಳಿವೆಯೊಳಗೆ ಸಿಕ್ಕಿಕೊಂಡ ಮೀನಿಗೆ ಆಗ ಓಡಲು ದಾರಿಯೂ ಇರುವುದಿಲ್ಲ.

ಹಸಿವೂ ಆಮೇಲೇ ಬರುವುದು. ಆಸ್ಟ್ರೇಲಿಯಾದ ಹರ್ವಿ ಕೊಲ್ಲಿಯಲ್ಲಿ 1992ರಲ್ಲಿ ಎರಡು ಪ್ರವಾಹ, ಒಂದು ಚಂಡಮಾರುತ ಒಟ್ಟೊಟ್ಟಿಗೆ ಬಂದು ಸುಮಾರು 1000 ಚದರ ಕಿಲೋಮೀಟರ್ ಕಡಲಹುಲ್ಲು ಕೆಸರಿನಲ್ಲಿ ಸತ್ತುಹೋಯಿತು. ಅಲ್ಲಿನ ಕಡಲಹಸುಗಳು, ಅಂದರೆ ಆ ಹುಲ್ಲು ಮೇಯುವ ದೊಡ್ಡ ಪ್ರಾಣಿಗಳು, ಗಾಳಿಯಿಂದ ಬದುಕಿದವು. ಮೇವಿಲ್ಲದೆ ತಿಂಗಳುಗಳಾದ ಮೇಲೆ ಬಡಕಲಾಗಿ ದಡಕ್ಕೆ ಬಿದ್ದವು. ನಮ್ಮಲ್ಲಿ ಬರಗಾಲದಲ್ಲಿ ದನಗಳಿಗೆ ಆಗುವ ಹಾಗೆಯೇ.


ಉಳ್ಳಾಲದವಳು, ಈಗ ಮೈಸೂರು

ಕೊಳದ ಅಣ್ಣ ಬರೆದದ್ದು ಓದಿ ಮನಸ್ಸಿಗೆ ಕಷ್ಟ ಆಯಿತು. ಡಾಲ್ಫಿನ್ ಬಗ್ಗೆ ಅಕ್ಕ ಕೇಳಿದ್ದರು, ಅದಕ್ಕೂ ಇದೇ ಕಥೆ ಇದೆ. ಡಾಲ್ಫಿನ್ ಮೀನಲ್ಲ, ಉಸಿರಿಗೆ ಮೇಲೆ ಬರಲೇಬೇಕು. ಆಳಕ್ಕೆ ಹೋಗಿ ಕೂರುವಂತಿಲ್ಲ. ಮರಿಗಳು ತಾಯಿಯಿಂದ ತಪ್ಪಿಸಿಕೊಳ್ಳುವುದು ಆಗಲೇ. ಆಮೇಲೆ ಮಳೆ ನೀರು ಹೊಳೆ ನೀರು ಸೇರಿ ಉಪ್ಪು ಇಳಿದುಹೋದ ಕೊಲ್ಲಿಯಲ್ಲಿ ವಾರಗಟ್ಟಲೆ ಇದ್ದರೆ ಅವುಗಳ ಚರ್ಮ ಸುಟ್ಟ ಹಾಗೆ ಹುಣ್ಣಾಗುತ್ತದೆ. 2005ರಲ್ಲಿ ಕತ್ರಿನಾ ಚಂಡಮಾರುತ ಆದಮೇಲೆ ನ್ಯೂ ಆರ್ಲಿಯನ್ಸ್ ಹತ್ತಿರದ ಡಾಲ್ಫಿನ್‌ಗಳಲ್ಲಿ ಇದನ್ನು ಮೊದಲು ಗಮನಿಸಿದರು.

ಅದೇ ಕತ್ರಿನಾದಲ್ಲಿ ಮಿಸಿಸಿಪ್ಪಿಯ ದಡದ ಒಂದು ಪ್ರದರ್ಶನ ಕೊಳ ಒಡೆದು ಎಂಟು ಸಾಕಿದ ಡಾಲ್ಫಿನ್ ಸಮುದ್ರಕ್ಕೆ ಹೋಗಿಬಿಟ್ಟವು. ಹುಟ್ಟಿದಾಗಿನಿಂದ ಕೈಯಲ್ಲೇ ತಿಂದು ಬೆಳೆದವೂ ಅದರಲ್ಲಿದ್ದವು. ಸುಮಾರು ಹನ್ನೆರಡು ದಿನ ಆದಮೇಲೆ ಎಂಟೂ ಸಿಕ್ಕವು, ಬೇರೆ ಬೇರೆ ಆಗದೆ ಒಂದೇ ಗುಂಪಾಗಿ ಇದ್ದವು. ಸಾಕಿದವರನ್ನು ಕಂಡು ಹತ್ತಿರ ಬಂದವು.

ಅಕ್ಕ, ನಿಮ್ಮ ಟಾರ್ಪಾಲು ಓದಿದಾಗಲೇ ಒಂದು ನೆನಪಾಗಿತ್ತು. 2017ರ ಇರ್ಮಾದಲ್ಲಿ ಗಾಳಿ ಎಷ್ಟು ಜೋರಿತ್ತು ಅಂದರೆ ಫ್ಲೋರಿಡಾದ ಸರಸೋಟ ಕೊಲ್ಲಿಯ ನೀರನ್ನೇ ಆಚೆಗೆ ತಳ್ಳಿಬಿಟ್ಟಿತು. ಎರಡು ಮನಾಟಿಗಳು, ಕಡಲಹಸುವಿನ ದಾಯಾದಿಗಳು, ಕೆಸರಿನಲ್ಲಿ ಉಳಿದುಹೋದವು. ನಾಲ್ಕೈದು ಕ್ವಿಂಟಲ್ ತೂಗುವ ಪ್ರಾಣಿ, ಕಾಲಿಲ್ಲ, ತೆವಳಲೂ ಆಗದು. ಆ ಊರಿನವರು ಬಂದು ಅವನ್ನು ಟಾರ್ಪಾಲಿನ ಮೇಲೆ ಉರುಳಿಸಿ, ಎಲ್ಲರೂ ಅಂಚು ಹಿಡಿದು ನೀರಿರುವ ಕಡೆಗೆ ಎಳೆದುಕೊಂಡು ಹೋಗಿ ಬಿಟ್ಟರು. ಟಾರ್ಪಾಲು ಎಳೆಯುವ ಕಷ್ಟ ನಿಮಗೆ ಗೊತ್ತು.


ಮೇಷ್ಟ್ರು, ಶ್ರೀರಂಗಪಟ್ಟಣ

ಏಡಿಯ ಪ್ರಶ್ನೆ ಉಳಿದಿತ್ತು. ಏಡಿಯ ನೆಂಟ, ಮುಳ್ಳು ಲಾಬ್‌ಸ್ಟರ್ ಬಗ್ಗೆ ಹೇಳಿ ಮುಗಿಸುತ್ತೇನೆ, ಮಗುವಿಗೆ ಇಷ್ಟ ಆಗಬಹುದು. ಬಹಾಮಾಸ್ ಕಡೆ ಮಳೆಗಾಲ ಮುಗಿದು ಮೊದಲ ಬಿರುಗಾಳಿ ಬೀಸಿ ನೀರು ತಣ್ಣಗಾಗಿ ಕದಡಿದರೆ ಈ ಲಾಬ್‌ಸ್ಟರುಗಳು ಬಿಲ ಬಿಟ್ಟು ಹೊರಡುತ್ತವೆ. ಒಂದರ ಹಿಂದೆ ಒಂದು ಸಾಲಾಗಿ, ಹಿಂದಿನದು ಮುಂದಿನದರ ಬೆನ್ನಿಗೆ ಮೀಸೆ ತಾಗಿಸಿಕೊಂಡು. ಕೆಲವು ಸಾಲಿನಲ್ಲಿ ಐವತ್ತಕ್ಕೂ ಹೆಚ್ಚು ಇರುತ್ತವೆ. ಹಗಲೂ ರಾತ್ರಿ ನಡೆದು ಆಳದ ನೀರಿಗೆ ಹೋಗುತ್ತವೆ. ವಿಲಿಯಂ ಹರ್ನ್‌ಕೈಂಡ್ ಅನ್ನುವ ವಿಜ್ಞಾನಿ ಜೀವಮಾನವಿಡೀ ಇದನ್ನೇ ನೋಡಿದರು. ಸಾಲಾಗಿ ಹೋದರೆ ಹಿಂದಿನವಕ್ಕೆ ನೀರಿನ ಎದುರೊತ್ತು ಕಡಿಮೆ, ಸುಸ್ತು ಕಡಿಮೆ.


ರಾಗಿಕಣ, ಮದ್ದೂರು ಹತ್ತಿರ

ಮೇಷ್ಟ್ರೇ, ನಿಮ್ಮ ಲಾಬ್‌ಸ್ಟರ್ ಸಾಲನ್ನು ಮಗಳು ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುತ್ತಾ ಕೂತಿದ್ದಾಳೆ. ಹಾಳೆ ಸಾಲದೆ ಪಕ್ಕದ ಹಾಳೆಗೂ ಹೋಗಿದೆ. ಹದಿನೇಳು ಆಯಿತು, ಐವತ್ತು ಆಗುವವರೆಗೆ ಊಟಕ್ಕೆ ಬರುವುದಿಲ್ಲವಂತೆ.

ಇವತ್ತು ಮಧ್ಯಾಹ್ನ ಬಿಸಿಲು ಬಂತು. ಟಾರ್ಪಾಲು ತೆಗೆದೆವು. ಅಡಿಯ ಒಂದು ಸುತ್ತು ಕಂತೆ ಮೊಳಕೆ ಬಂದಿದೆ, ಮೇಲಿನದು ಒಣಗಿಯೇ ಇದೆ. ಅತ್ತೆ ಕೊಟ್ಟಿಗೆ ಗೋಡೆ ನೋಡಿ ಬಂದರು. ಇರುವೆ ಇನ್ನೂ ಮೇಲೇ ಇವೆಯಂತೆ, ಇಳಿದಿಲ್ಲ. ಹಾಗಾಗಿ ಟಾರ್ಪಾಲು ಮಡಚದೆ ಕಣದ ಪಕ್ಕದಲ್ಲೇ ಇಟ್ಟುಕೊಂಡಿದ್ದೇವೆ.

ಪಾಂಡವಪುರದ ಅಣ್ಣ, ನಿಮ್ಮ ಕಡೆಯೂ ಮೋಡ ಇದ್ದರೆ ಈ ಸಲ ಡೀಸೆಲ್ ಪಂಪು ಇಟ್ಟುಕೊಂಡಿದ್ದೀರಾ?


ಕೊಳದ ಕಟ್ಲಾ, ಪಾಂಡವಪುರ

ಇಟ್ಟುಕೊಂಡಿದ್ದೇನೆ ತಾಯಿ. ನಿನ್ನೆ ರಾತ್ರಿಯಿಂದ ಓಡುತ್ತಿದೆ. ಬೆಳಿಗ್ಗೆ ಐದಕ್ಕೆ ಹೋಗಿ ನೋಡಿದೆ, ಮೇಲೆ ಒಂದು ಬಾಯಿಯೂ ಕಾಣಲಿಲ್ಲ.